ಜರ್ಮನ್ನರು ಒರಟರೂ ಅಲ್ಲ, ಅಮೆರಿಕನ್ನರ ನಗು ಸುಳ್ಳೂ ಅಲ್ಲ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳ ಜನಕ್ಕೆ ಮಧ್ಯಾಹ್ನ ಜರ್ಮನಿಯ ಕಾಲ್, ರಾತ್ರಿ ಅಮೆರಿಕದ ಕಾಲ್. ಹಾಗಾಗಿ ಈ ಎರಡು ದೂರು ನಿಮ್ಮ ಕಿವಿಗೂ ಬಿದ್ದಿರುತ್ತವೆ. ಜರ್ಮನ್ನರು ಮುಖ ಗಂಟು ಹಾಕಿಕೊಂಡಿರುತ್ತಾರೆ, ಮಾತೆತ್ತಿದರೆ ನಿಯಮ, ಎದುರಿಗೇ ಒರಟಾಗಿ ಹೇಳಿಬಿಡುತ್ತಾರೆ ಅಂತ ಅಮೆರಿಕನ್ನರ ದೂರು. ಅಮೆರಿಕನ್ನರು ಸುಮ್ನೆ ನಗುತ್ತಾರೆ, ಎಲ್ಲವನ್ನೂ ಅದ್ಭುತ ಅನ್ನುತ್ತಾರೆ, ಸ್ನೇಹ ಮಾತ್ರ ಮೇಲುಮೇಲಿನದು ಅಂತ ಜರ್ಮನ್ನರ ದೂರು. ಎರಡೂ ಕಡೆಯವರ ಜೊತೆ ಕೆಲಸ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು: ನಾವು ಯಾವುದನ್ನು ಒಂದು ದೇಶದ ಸ್ವಭಾವ ಅನ್ನುತ್ತೇವೋ ಅದರಲ್ಲಿ ಜಾಸ್ತಿ ಪಾಲು ಸ್ವಭಾವವೇ ಅಲ್ಲ. ಸಂಬಳ, ರಜೆ, ಕೆಲಸದ ಭದ್ರತೆ, ಹಿಂದೆ ಅನುಭವಿಸಿದ ಭಯ, ಇವೇ ಮುಖದ ಮೇಲೆ ಕಾಣುತ್ತವೆ.

ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ ಕಥೆಯಿಂದ ಶುರು ಮಾಡೋಣ, ಯಾಕಂದರೆ ಎಲ್ಲರೂ ಅದನ್ನೇ ಉದಾಹರಣೆ ಕೊಡುತ್ತಾರೆ. 1997ರಲ್ಲಿ ವಾಲ್‌ಮಾರ್ಟ್ ಜರ್ಮನಿಗೆ ಹೋಯಿತು. ಅಲ್ಲಿದ್ದ ಅಂಗಡಿಗಳನ್ನು ಕೊಂಡು ಅಮೆರಿಕದ ಪದ್ಧತಿ ತಂದಿತು. ಬಾಗಿಲಲ್ಲೇ ಸ್ವಾಗತ ಮಾಡುವವರು, ಗಿರಾಕಿಯನ್ನು ನೋಡಿ ನಗಬೇಕಾದ ಸಿಬ್ಬಂದಿ, ಸಾಮಾನನ್ನು ಚೀಲಕ್ಕೆ ತುಂಬಿಕೊಡುವವರು. ಅಲ್ಡಿ ಅನ್ನುವ ಅಗ್ಗದ ಅಂಗಡಿಯಲ್ಲಿ ತಾನೇ ಸರಸರ ಚೀಲ ತುಂಬಿಕೊಂಡು ಹೊರಡುವ ಜರ್ಮನ್ ಗಿರಾಕಿಗೆ ಇದೆಲ್ಲ ಮುಜುಗರ. 2006ರಲ್ಲಿ 85 ಅಂಗಡಿಗಳನ್ನು ಮೆಟ್ರೋ ಅನ್ನುವ ಅಲ್ಲಿನ ಅಂಗಡಿ ಕಂಪನಿಗೆ ಮಾರಿ ವಾಲ್‌ಮಾರ್ಟ್ ವಾಪಸ್ ಹೋಯಿತು.

ನೋಡಿ, ಜರ್ಮನ್ನರಿಗೆ ನಗು ಹಿಡಿಸಲಿಲ್ಲ, ಅದಕ್ಕೇ ಸೋತಿತು ಅಂತ ಈ ಕಥೆಯನ್ನು ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಡಿಮೆ ಬೆಲೆಗೆ ಮಾರುವುದೇ ವಾಲ್‌ಮಾರ್ಟ್‌ನ ಶಕ್ತಿ, ಆದರೆ ಅಲ್ಲಿ ಅಲ್ಡಿ ಮತ್ತು ಅದೇ ಥರದ ಲಿಡ್ಲ್ ಆಗಲೇ ಬೇರೂರಿದ್ದವು. 2000ದಲ್ಲಿ ಅಲ್ಲಿನ ಸ್ಪರ್ಧಾ ನಿಯಂತ್ರಣ ಇಲಾಖೆ ಈ ಮೂರೂ ಕಂಪನಿಗಳಿಗೆ, ಹಾಲಿನಂಥ ಕೆಲವು ಸಾಮಾನುಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬಾರದು ಅಂತ ಆದೇಶ ಕೊಟ್ಟಿತು. ಮೇಲೆ ನೌಕರರ ವಿಷಯ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರಿಗೆ ಪ್ರಭಾವ ಇದ್ದರೆ ಅಂಥ ಸಹೋದ್ಯೋಗಿಗಳ ನಡುವೆ ಪ್ರೇಮ ಬೇಡ ಅಂತ ಕಂಪನಿ ನಿಯಮ ಮಾಡಿತ್ತು. ಅದು ಮನುಷ್ಯನ ಘನತೆಗೆ ವಿರುದ್ಧ ಅಂತ 2005ರಲ್ಲಿ ಡ್ಯುಸೆಲ್‌ಡಾರ್ಫ್‌ನ ಕಾರ್ಮಿಕ ನ್ಯಾಯಾಲಯ ಹೇಳಿತು. ಬೆಲೆ, ಕಾನೂನು, ಕಾರ್ಮಿಕರ ಹಕ್ಕು ಇವೆಲ್ಲ ಬದಿಗೆ ಹೋಗಿ ನಗು ಮಾತ್ರ ನೆನಪಿನಲ್ಲಿ ಉಳಿಯಿತು, ಅಲ್ವಾ?

ಆ ಅಮೆರಿಕದ ನಗುವಿಗೂ ಒಂದು ಲೆಕ್ಕ ಇದೆ. ಟಿಪ್ಸ್ ಸಿಗುವ ಹೋಟೆಲ್ ಕೆಲಸಗಾರರಿಗೆ ಮಾಲೀಕ ಕೊಡಲೇಬೇಕಾದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅಷ್ಟೇ ಇದೆ. ಎಷ್ಟೋ ರಾಜ್ಯಗಳು ಜಾಸ್ತಿ ಮಾಡಿವೆ, ಎಷ್ಟೋ ಮಾಡಿಲ್ಲ. ಉಳಿದದ್ದು ಗಿರಾಕಿಯ ಜೇಬಿನಿಂದ ಬರಬೇಕು, ಟಿಪ್ಸ್ ಸೇರಿಸಿಯೂ ಸಾಮಾನ್ಯ ಕನಿಷ್ಠ ಕೂಲಿಗೆ ಕಡಿಮೆ ಬಿದ್ದರಷ್ಟೇ ಮಾಲೀಕ ತುಂಬಿಕೊಡಬೇಕು. ಜರ್ಮನಿಯಲ್ಲಿ ಟಿಪ್ಸ್ ಬಂದರೂ ಬರದಿದ್ದರೂ ಬಡಿಸುವವರಿಗೆ ಎಲ್ಲರ ಹಾಗೆ ಪೂರ್ತಿ ಕನಿಷ್ಠ ಕೂಲಿ ಉಂಟು, ಹಾಗಾಗಿ ಅವರು ನಿಮ್ಮ ಮೇಜಿಗೆ ಹತ್ತು ಸಲ ಬಂದು ವಿಚಾರಿಸಬೇಕಿಲ್ಲ. ಅಮೆರಿಕದ ಹುಡುಗಿಯ ನಗುವನ್ನು ಸುಳ್ಳು ಅನ್ನುವವರ ಮೇಲೆ ನನಗೆ ನಿಜವಾಗಿ ಬೇಸರ ಬರುತ್ತದೆ. ದಿನವಿಡೀ ನಿಂತುಕೊಂಡು ದುಡಿಯುವ ಆಕೆಯ ಕೆಲಸದ ಒಂದು ಭಾಗ ಅದು. ಅದರಲ್ಲಿ ಪ್ರೀತಿಯೂ ಇರುತ್ತದೆ.

ಆಫೀಸಿನಲ್ಲೂ ಇದೇ. ಅಮೆರಿಕದ ಮ್ಯಾನೇಜರ್ ಮೊದಲು ಹೊಗಳುತ್ತಾರೆ, ಆಮೇಲೆ ಒಂದು ಚಿಕ್ಕ ವಿಷಯ ಅನ್ನುತ್ತಾರೆ. ನಮ್ಮವರು ಹೊಗಳಿಕೆ ಕೇಳಿ ಖುಷಿಯಾಗಿ ಆ ಚಿಕ್ಕ ವಿಷಯ ಮರೆತುಬಿಡುತ್ತಾರೆ, ಆದರೆ ಅವರು ಹೇಳಬೇಕಿದ್ದದ್ದೇ ಅದು. ಜರ್ಮನ್ ಮ್ಯಾನೇಜರ್ ಇದು ತಪ್ಪು ಅಂತ ನೇರ ಶುರು ಮಾಡುತ್ತಾರೆ. ಬೈಯಲಿಲ್ಲ ಅಂದರೆ ಹೊಗಳಿದ ಹಾಗೆ ಅಂತ ಸ್ಟುಟ್‌ಗಾರ್ಟ್ ಕಡೆ ಗಾದೆಯೇ ಇದೆ. ಆದರೆ ಅಲ್ಲಿ ಕೆಳಗಿನವರೂ ಮೇಲಿನವರಿಗೆ ಅಷ್ಟೇ ನೇರವಾಗಿ ಹೇಳುತ್ತಾರೆ, ಅದನ್ನು ಗಮನಿಸಿ. ಹತ್ತಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಯಲ್ಲಿ ಆರು ತಿಂಗಳು ಕಳೆದರೆ, ಕಾನೂನು ಒಪ್ಪುವ ಕಾರಣವಿಲ್ಲದೆ ಯಾರನ್ನೂ ತೆಗೆಯುವ ಹಾಗಿಲ್ಲ. ಅಮೆರಿಕದಲ್ಲಿ ಮೊಂಟಾನಾ ರಾಜ್ಯ ಒಂದನ್ನು ಬಿಟ್ಟರೆ ಉಳಿದ ಕಡೆ ಸಾಮಾನ್ಯವಾಗಿ ಕಾರಣ ಹೇಳದೆ ತೆಗೆಯಬಹುದು, ಕೆಲಸ ಹೋದರೆ ಎಷ್ಟೋ ಮನೆಗಳಲ್ಲಿ ಆರೋಗ್ಯ ವಿಮೆಯೂ ಅದರ ಜೊತೆಗೇ ಹೋಗುತ್ತದೆ. ಅಂಥ ಕಡೆ ಮಾತು ತಾನಾಗಿ ಮೆತ್ತಗಾಗುತ್ತದೆ.

ರಜೆಯೂ ಹಾಗೇ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಜರ್ಮನಿಯ ಕಾನೂನು ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಕೊಡುತ್ತದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಖಾಸಗಿ ನೌಕರರಿಗೆ ಒಂದು ದಿನವೂ ಇಲ್ಲ. ಮೂರು ವಾರ ಮೇಲ್‌ಗೆ ಉತ್ತರ ಕೊಡದ ಜರ್ಮನ್ ಸೋಮಾರಿಯಲ್ಲ, ಸಮುದ್ರದ ದಂಡೆಯಲ್ಲೂ ಲ್ಯಾಪ್‌ಟಾಪ್ ತೆರೆಯುವ ಅಮೆರಿಕನ್‌ಗೆ ಕೆಲಸದ ಹುಚ್ಚೂ ಅಲ್ಲ.

ಇನ್ನು ಖಾಸಗಿತನ. 2010ರಲ್ಲಿ, ಬೀದಿಗಳ ಫೋಟೋ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಜರ್ಮನಿಗೆ ಬಂದಾಗ ಸುಮಾರು 2,44,000 ಮನೆಯವರು ತಮ್ಮ ಮನೆಯ ಚಿತ್ರವನ್ನು ಮಸುಕು ಮಾಡಿಸಿದರು. ಏನೋ ಮುಚ್ಚಿಡುತ್ತಿದ್ದಾರೆ ಅಂತ ಹೊರಗಿನವರಿಗೆ ಅನ್ನಿಸಬಹುದು. ನಾಜಿಗಳು ಜನಗಣತಿ ಮತ್ತು ನೋಂದಣಿ ಪುಸ್ತಕಗಳನ್ನು ಯಹೂದಿಗಳನ್ನು ಗುರುತಿಸಲು ಹೇಗೆ ಬಳಸಿದರು, ಆಮೇಲೆ ಪೂರ್ವ ಜರ್ಮನಿಯ ಸ್ಟಾಸಿ ಅನ್ನುವ ಗುಪ್ತ ಪೊಲೀಸರು ಹೇಗೆ ಅಕ್ಕಪಕ್ಕದವರಿಂದಲೇ ಮಾಹಿತಿ ತೆಗೆಸಿದರು ಅನ್ನುವುದು ಗೊತ್ತಿದ್ದವರು ಹಾಗೆ ಅನ್ನುವುದಿಲ್ಲ. ಜಗತ್ತಿನ ಮೊದಲ ಮಾಹಿತಿ ರಕ್ಷಣಾ ಕಾನೂನು ಬಂದದ್ದೂ ಅಲ್ಲೇ, 1970ರಲ್ಲಿ, ಹೆಸ್ಸೆ ರಾಜ್ಯದಲ್ಲಿ.

ಜರ್ಮನ್ನರ ಸಮಯಪಾಲನೆ? 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದವು ಶೇಕಡಾ 62.5. ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಲೆಕ್ಕಕ್ಕೇ ಹಿಡಿಯದೆ.

ಈ ಸ್ವಭಾವ ರಕ್ತದಲ್ಲೇ ಬಂದಿದೆ ಅನ್ನುವವರಿಗೆ ಒಂದು ಮಾತು. ನಾಲ್ಕು ಕೋಟಿಗೂ ಜಾಸ್ತಿ ಅಮೆರಿಕನ್ನರು ತಮ್ಮ ಮೂಲ ಜರ್ಮನ್ ಅನ್ನುತ್ತಾರೆ. ಮಿಲ್ವಾಕಿ, ಸಿನ್ಸಿನಾಟಿಯಂಥ ಊರುಗಳಲ್ಲಿ ಬೀದಿಯ ಮಾತೇ ಜರ್ಮನ್ ಆಗಿದ್ದ ಕಾಲವಿತ್ತು. ನಾವು ನಗುಮುಖದ ಅಮೆರಿಕನ್ ಅನ್ನುವವರ ಮುತ್ತಜ್ಜ ಬಿಗಿಮುಖದ ಜರ್ಮನ್ ಆಗಿರಬಹುದು. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಮೊದಲ ಮಹಾಯುದ್ಧಕ್ಕಿಳಿದಾಗ, ಅಲ್ಲಿಯವರೆಗೆ ಸಂಗೀತ, ಬಿಯರ್, ಶ್ರಮಕ್ಕೆ ಹೆಸರಾಗಿದ್ದ ಅದೇ ನೆರೆಯವರು ಕೆಲವೇ ತಿಂಗಳಲ್ಲಿ ರಾಕ್ಷಸರಾದರು. ಎಲೆಕೋಸಿನ ಜರ್ಮನ್ ಉಪ್ಪಿನಕಾಯಿಗೂ ಹೆಸರು ಬದಲಾಯಿತು. ನೆಬ್ರಾಸ್ಕಾ ರಾಜ್ಯದಲ್ಲಿ ಚಿಕ್ಕ ಮಕ್ಕಳಿಗೆ ಜರ್ಮನ್ ಕಲಿಸುವುದೇ ಅಪರಾಧವಾಯಿತು, ಒಬ್ಬ ಮೇಷ್ಟ್ರಿಗೆ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ತಳ್ಳಿಹಾಕಿತು. ಜನ ಅವರೇ, ಅಡುಗೆ ಅದೇ, ಹಾಡೂ ಅದೇ. ನೋಡುವವರ ಭಯ ಮಾತ್ರ ಹೊಸದಾಗಿತ್ತು.

ಈಗ ನಿಮ್ಮ ಪ್ರಶ್ನೆಗಳು ಬರಲಿ. ಎರಡೂ ಕಡೆಯವರ ಜೊತೆ ಕೆಲಸ ಮಾಡುತ್ತಿರುವವರು ಮೊದಲು ಮಾತಾಡಿ.