ಟೋಕನ್ ಬಂದ ಮೇಲೆ ವಸ್ತುಸಂಗ್ರಹಾಲಯದ ಹೊಣೆ

ನಮಸ್ಕಾರ. ಈಗ ಪರದೆಯ ಮೇಲೆ ನೀವು ನೋಡುತ್ತಿರುವುದು ಗುಸ್ತಾವ್ ಕ್ಲಿಮ್ಟ್ ಅವರ ‘ದಿ ಕಿಸ್’. ವಿಯೆನ್ನಾದ ಬೆಲ್ವೆಡೇರ್ ವಸ್ತುಸಂಗ್ರಹಾಲಯವು 2022ರ ಪ್ರೇಮಿಗಳ ದಿನದಂದು ಈ ಚಿತ್ರದ ಡಿಜಿಟಲ್ ಪ್ರತಿಯನ್ನು 10,000 ಚೌಕಗಳಾಗಿ ವಿಂಗಡಿಸಿ, ತಲಾ 1,850 ಯೂರೋ ಬೆಲೆಗೆ ಎನ್‌ಎಫ್‌ಟಿಗಳಾಗಿ ಮಾರಾಟಕ್ಕಿಟ್ಟಿತು. ಎನ್‌ಎಫ್‌ಟಿ ಎಂದರೆ ಒಂದು ಡಿಜಿಟಲ್ ವಸ್ತುವಿನ ಒಡೆಯರು ಯಾರೆಂದು ತೋರಿಸುವ ಟೋಕನ್; ಅದರ ಲೆಕ್ಕ ಇರುವುದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ದಾಖಲೆ ಪುಸ್ತಕದಲ್ಲಿ. ಮೂಲ ಚಿತ್ರದ ಉದ್ದ, ಅಗಲ ಎರಡೂ 180 ಸೆಂಟಿಮೀಟರ್ ಇರುವುದರಿಂದ, ಕೊಂಡವರ ಪಾಲಿಗೆ ಬಂದದ್ದು ಕ್ಯಾನ್‌ವಾಸಿನ 1.8 ಸೆಂಟಿಮೀಟರ್ ಚೌಕದಷ್ಟು ಭಾಗದ ಬಿಂಬ. ಕೆಲವರಿಗೆ ಮುಖದ ಒಂದು ಚೂರು ಸಿಕ್ಕಿರಬಹುದು, ಹಲವರಿಗೆ ಬರಿಯ ಹಿನ್ನೆಲೆ. ಗೋಡೆಯ ಮೇಲಿನ ಚಿತ್ರದ ಒಡೆತನದಲ್ಲಿ ಮಾತ್ರ ಯಾರಿಗೂ ಪಾಲಿಲ್ಲ.

ಇದಕ್ಕೂ ಮುಂಚೆ, 2021ರಲ್ಲಿ, ಫ್ಲಾರೆನ್ಸ್‌ನ ಉಫಿಜಿ ಸಂಗ್ರಹಾಲಯದಲ್ಲಿರುವ ಮೈಕೆಲೆಂಜೆಲೊನ ‘ದೋನಿ ತೊಂದೋ’ ಚಿತ್ರದ ಡಿಜಿಟಲ್ ಪ್ರತಿ 2,40,000 ಯೂರೋಗೆ ಮಾರಾಟವಾಯಿತು. ಖರ್ಚು ಕಳೆದು, ಪ್ರತಿಯನ್ನು ತಯಾರಿಸಿದ ಕಂಪನಿಯ ಪಾಲು ಹೋಗಿ, ಸಂಗ್ರಹಾಲಯಕ್ಕೆ ಉಳಿದದ್ದು 70,000. ಮರುವರ್ಷ ಇಟಲಿಯ ಸಂಸ್ಕೃತಿ ಸಚಿವಾಲಯವು ಇಂಥ ಒಪ್ಪಂದಗಳನ್ನು ತಡೆಹಿಡಿಯುವಂತೆ ಸರ್ಕಾರಿ ಸಂಗ್ರಹಾಲಯಗಳಿಗೆ ಸೂಚಿಸಿತು. ಆ ಸೂಚನೆ ಸರಿಯಾಗಿಯೇ ಇತ್ತೆಂದು ನಾನು ನಂಬುತ್ತೇನೆ, ಏಕೆಂದರೆ ಸಾರ್ವಜನಿಕರ ಸ್ವತ್ತಿನ ಪ್ರತಿರೂಪವನ್ನು ಮಾರುವುದರಿಂದ ಸಂಗ್ರಹಕ್ಕೆ ಹೊಸದೇನೂ ಸೇರುವುದಿಲ್ಲ.

ಸಂಗ್ರಹಾಲಯವೇ ಟೋಕನ್ ಕಲೆಯನ್ನು ತನ್ನದಾಗಿಸಿಕೊಳ್ಳುವುದು ಬೇರೆಯೇ ವಿಷಯ. ಪ್ಯಾರಿಸ್‌ನ ಪಾಂಪಿದೂ ಕೇಂದ್ರವು 2023ರಲ್ಲಿ 18 ಕೃತಿಗಳನ್ನು ಹೀಗೆ ಸೇರಿಸಿಕೊಂಡಿತು; ಅದೇ ವರ್ಷ ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯಕ್ಕೆ 22 ಕೃತಿಗಳು ದಾನವಾಗಿ ಬಂದವು. ಬ್ಲಾಕ್‌ಚೈನ್ ನಡೆಸಲು ತಗಲುವ ವಿದ್ಯುತ್ ಬಳಕೆಯ ಬಗೆಗಿದ್ದ ದೊಡ್ಡ ಆಕ್ಷೇಪವೂ, 2022ರ ಸೆಪ್ಟೆಂಬರ್‌ನಲ್ಲಿ ಎನ್‌ಎಫ್‌ಟಿಗಳಿಗೆ ಹೆಚ್ಚಾಗಿ ಬಳಕೆಯಾಗುವ ಬ್ಲಾಕ್‌ಚೈನ್ ಆದ ಇಥೀರಿಯಂ ವಹಿವಾಟು ದೃಢೀಕರಿಸುವ ತನ್ನ ವಿಧಾನ ಬದಲಿಸಿ ಬಳಕೆಯನ್ನು ಶೇ. 99ಕ್ಕೂ ಹೆಚ್ಚು ತಗ್ಗಿಸಿದ ಮೇಲೆ, ಬಹುಮಟ್ಟಿಗೆ ಕರಗಿತು.

ಉಳಿದಿರುವ ಪ್ರಶ್ನೆ ಸಂರಕ್ಷಣೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಸಾಮಾನ್ಯವಾಗಿ ಬ್ಲಾಕ್‌ಚೈನ್‌ನಲ್ಲಿ ಇರುವುದು ಟೋಕನ್ನಿನ ಸಂಖ್ಯೆ, ಒಡೆಯರ ವಿಳಾಸ ಹಾಗೂ ಒಂದು ಕೊಂಡಿ ಮಾತ್ರ. ಚಿತ್ರದ ಕಡತವು ಬೇರೆಲ್ಲೋ ಒಂದು ಸರ್ವರ್‌ನಲ್ಲಿರುತ್ತದೆ. ಆ ಸರ್ವರ್ ನಡೆಸುವವರು ಬಾಗಿಲು ಹಾಕಿದರೆ ಟೋಕನ್ ಉಳಿಯುತ್ತದೆ, ಕೃತಿ ಕಾಣೆಯಾಗುತ್ತದೆ. ಆಟೋಗ್ಲಿಫ್‌ನಂತಹ ಕೆಲವು ಕೃತಿಗಳು ಮಾತ್ರ, ಚಿತ್ರ ಹುಟ್ಟಿಸುವ ಕೋಡ್ ಬ್ಲಾಕ್‌ಚೈನ್‌ನಲ್ಲಿಯೇ ಇರುವುದರಿಂದ, ಈ ಅಪಾಯದಿಂದ ಪಾರಾಗಿವೆ. ಇನ್ನು ಟೋಕನ್ ಇಡುವ ಡಿಜಿಟಲ್ ಖಾತೆಯಾದ ವಾಲೆಟ್‌ನ ಖಾಸಗಿ ಕೀಲಿ, ಅಂದರೆ ಅದನ್ನು ತೆರೆಯುವ ರಹಸ್ಯ ಸಂಕೇತ, ಕಳೆದರೆ ಮರಳಿ ಪಡೆಯುವ ದಾರಿಯೇ ಇಲ್ಲ; ಆದ್ದರಿಂದ ಅದು ಒಬ್ಬ ಸಿಬ್ಬಂದಿಯ ಕೈಯಲ್ಲಿರದೆ, ಹಲವರ ಸಹಿ ಬೇಡುವ ವಾಲೆಟ್‌ನಲ್ಲಿ ಕೃತಿ ಇರಬೇಕು.

ಬ್ಲಾಕ್‌ಚೈನ್ ಪ್ರತಿ ಕೈಬದಲಾವಣೆಯನ್ನೂ ದಾಖಲಿಸುತ್ತದೆ, ನಿಜ. ಆದರೆ ಮೊದಲು ಟೋಕನ್ ಸೃಷ್ಟಿಸಿದವರು ಆ ಕಲಾವಿದರೇ ಹೌದೇ ಎಂಬುದನ್ನು ಅದು ಹೇಳಲಾರದು. ಆದ್ದರಿಂದ ಟೋಕನ್ ಸ್ವೀಕರಿಸುವ ಮುನ್ನ ಸಂಗ್ರಹಾಲಯವು ಕಲಾವಿದರನ್ನೇ ಸಂಪರ್ಕಿಸಿ ವಾಲೆಟ್ ವಿಳಾಸವನ್ನು ಖಚಿತಪಡಿಸಿಕೊಳ್ಳಬೇಕು, ಮೂಲ ಕಡತವನ್ನೂ ಪ್ರದರ್ಶನದ ಹಕ್ಕನ್ನೂ ಲಿಖಿತವಾಗಿ ಪಡೆಯಬೇಕು, ಮತ್ತು ಇಂದಿನ ತಂತ್ರಾಂಶ ಹಳತಾದಾಗ ಕೃತಿಯನ್ನು ಹೇಗೆ ತೋರಿಸಬೇಕೆಂಬ ಸೂಚನೆಯನ್ನೂ ಅವರಿಂದಲೇ ಬರೆಸಿಕೊಳ್ಳಬೇಕು.