ನಲವತ್ತೆರಡು ಗೆಲುವು, ಎರಡು ಕಂಚು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಹೇಳಹೊರಟಿರುವ ಆಟವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಪರವಾಗಿಲ್ಲ, ಇದು ಕಿವಿಗೂ ಒಗ್ಗುವ ಆಟ. ಮೊದಲು ಹಿಮದ ಮೇಲೆ ಸ್ಕೀ ಉಜ್ಜುವ ಸದ್ದು, ಅದರ ಹಿಂದೆಯೇ ಏದುಸಿರು. ಆಮೇಲೆ ಒಂದು ಗಳಿಗೆ ಎಲ್ಲ ನಿಶ್ಶಬ್ದ. ಗುಂಡು ಹಾರಿ, ಐವತ್ತು ಮೀಟರ್ ಆಚೆ ಕಬ್ಬಿಣದ ತಟ್ಟೆಗೆ ತಾಗಿದ ‘ಟಕ್’ ಕೇಳಿಸಿದರೆ ಸಾವಿರಾರು ಜನ ಒಟ್ಟಿಗೆ ‘ಹೇ’ ಅನ್ನುತ್ತಾರೆ. ಕೇಳಿಸದಿದ್ದರೆ ಅಷ್ಟೇ ಜನ ಒಟ್ಟಿಗೆ ಉಸಿರು ಬಿಡುತ್ತಾರೆ. ಹೀಗೆ ಐದು ಸಲ. ಕಣ್ಣು ಮುಚ್ಚಿ ಕೂತರೂ ಯಾರಿಗೆ ಏನಾಯಿತೆಂದು ತಿಳಿದುಹೋಗುತ್ತದೆ.

ಆಟದ ಹೆಸರು ಬಯಾಥ್ಲಾನ್. ಸ್ವೀಡನ್ನಿನವರು ಇದಕ್ಕೆ ತಮ್ಮ ಭಾಷೆಯಲ್ಲಿ ನೇರವಾಗಿ ಸ್ಕೀ-ಗುಂಡು ಎಂಬರ್ಥದ ಹೆಸರಿಟ್ಟುಕೊಂಡಿದ್ದಾರೆ. ನನಗೇನೋ ಅದೇ ಹೆಚ್ಚು ಹಿಡಿಸುತ್ತದೆ. ಬೆನ್ನಿಗೆ ಮೂರೂವರೆ ಕಿಲೋಗಿಂತ ಕಡಿಮೆಯಿಲ್ಲದ ರೈಫಲ್ ಕಟ್ಟಿಕೊಂಡು ಸ್ಕೀ ಮೇಲೆ ಓಡಬೇಕು, ನಡುನಡುವೆ ನಿಂತು ಗುಂಡು ಹೊಡೆಯಬೇಕು, ಮತ್ತೆ ಓಡಬೇಕು. ನಾನು ಹೇಳಬೇಕೆಂದಿರುವುದು ಈ ಆಟದಲ್ಲಿ ಸತತ ಆರು ವರ್ಷ ಜಗತ್ತಿನಲ್ಲೇ ಮೊದಲಿಗರಾಗಿದ್ದ ಒಬ್ಬ ಹೆಣ್ಣುಮಗಳ ಬಗ್ಗೆ. ಹೆಸರು ಮಗ್ದಲೇನಾ ಫೋರ್ಸ್‌ಬರ್ಗ್. ಸ್ವೀಡನ್ನಿನವರ ಬಾಯಲ್ಲಿ ಆ ಕೊನೆಯ ‘ಗ್’ ಕರಗಿ ‘ಯ್’ ಆಗುತ್ತದೆ. ನಾವು ಬರಹಕ್ಕೆ ಹತ್ತಿರವಾಗಿಯೇ ಅನ್ನೋಣ.

ಹುಟ್ಟಿದ್ದು 1967ರ ಜುಲೈಯಲ್ಲಿ, ಸ್ವೀಡನ್ನಿನ ಉತ್ತರ ಭಾಗದ ಉಲ್ಲೋಂಗರ್ ಎಂಬ ಸಣ್ಣ ಊರಿನಲ್ಲಿ. ಆಗಿನ ಹೆಸರು ಮಗ್ದಲೇನಾ ವಾಲಿನ್. ಬಂದೂಕಿನ ಗೊಡವೆಯಿಲ್ಲದ ಬರೀ ಸ್ಕೀ ಓಟ, ಕ್ರಾಸ್ ಕಂಟ್ರಿ, ಅವರ ಮೊದಲ ಆಟ. ಅದರಲ್ಲೂ ಸಾಮಾನ್ಯರಲ್ಲ. 1987ರಲ್ಲಿ ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ರಿಲೇಯಲ್ಲಿ ಸ್ವೀಡನ್ ಕಂಚು ಗೆದ್ದಾಗ, ಆ ನಾಲ್ವರಲ್ಲಿ ಹತ್ತೊಂಬತ್ತರ ಈ ಹುಡುಗಿಯೂ ಇದ್ದರು. ಮುಂದೆ ಸ್ಕೀ ಓಟಗಾರ ಹೆನ್ರಿಕ್ ಫೋರ್ಸ್‌ಬರ್ಗ್ ಅವರನ್ನು ಮದುವೆಯಾದರು. ಬಂದೂಕು ಕೈಗೆ ಬಂದದ್ದು ತೊಂಬತ್ತರ ದಶಕದಲ್ಲಿ, ವಯಸ್ಸು ಇಪ್ಪತ್ತೈದು ದಾಟಿದ ಮೇಲೆ.

ಇಪ್ಪತ್ತೈದು ದಾಟಿದ ಮೇಲೆ ಗುಂಡು ಹೊಡೆಯಲು ಕಲಿಯುವುದೆಂದರೇನು? ಗುಂಡು ಹಾರಿಸುವ ಜಾಗದ ಪಕ್ಕದಲ್ಲೇ ನಿಂತು ನೋಡೋಣ. ಓಟಗಾರ್ತಿ ಏರು ಹತ್ತಿ ಬರುತ್ತಾಳೆ. ಎದೆ ಡವಗುಟ್ಟುತ್ತಿರುತ್ತದೆ. ಕೈಕೋಲುಗಳನ್ನು ಚಾಪೆಯ ಪಕ್ಕಕ್ಕೆ ಬಿಸಾಡುತ್ತಾಳೆ. ಬೆನ್ನಿನಿಂದ ರೈಫಲ್ ಇಳಿಸಿ, ಹಿಮ ಹೊಗದಂತೆ ನಳಿಗೆಯ ತುದಿಗೂ ನೋಟದ ಕಿಂಡಿಗೂ ಇರುವ ಮುಚ್ಚಳಗಳನ್ನು ಬೆರಳಲ್ಲೇ ಹಾರಿಸುತ್ತಾಳೆ. ಐದು ಗುಂಡಿನ ಮ್ಯಾಗಜಿನ್ ಒತ್ತಿ, ಸ್ಕೀ ಕಳಚದೆಯೇ ಬೋರಲು ಮಲಗುತ್ತಾಳೆ. ರೈಫಲಿನ ಪಟ್ಟಿಯನ್ನು ತೋಳಿಗೆ ಸಿಕ್ಕಿಸಿಕೊಂಡರೆ ಹಿಡಿತವೇನೋ ಗಟ್ಟಿ, ಆದರೆ ತೋಳಿನ ನಾಡಿ ಅದೇ ಪಟ್ಟಿಯ ಮೂಲಕ ರೈಫಲಿಗೂ ಹರಿಯುತ್ತದೆ. ಕಿಂಡಿಯೊಳಗೆ ಕಾಣುವ ಕಪ್ಪು ಚುಕ್ಕೆ ಎದೆಬಡಿತಕ್ಕೆ ಸರಿಯಾಗಿ ಕುಣಿಯುತ್ತದೆ. ಮಲಗಿ ಹೊಡೆಯುವಾಗ ಆ ಗುರಿಯ ಅಡ್ಡಳತೆ 45 ಮಿಲಿಮೀಟರ್, ಒಂದು ದಪ್ಪ ನಿಂಬೆಹಣ್ಣು ಅಂದುಕೊಳ್ಳಿ. ನಿಂತು ಹೊಡೆಯುವಾಗ 115 ಮಿಲಿಮೀಟರ್. ದೊಡ್ಡದಾಯಿತಲ್ಲ ಅನ್ನಬೇಡಿ. ನಿಂತಾಗ ತೋಳಿಗೆ ಪಟ್ಟಿಯ ಆಸರೆ ಇಲ್ಲ, ಮೊಣಕೈಯನ್ನು ಸೊಂಟದ ಮೂಳೆಗೆ ಊರಿಕೊಳ್ಳಬೇಕು, ಕಾಲ ಕೆಳಗೆ ಜಾರುವ ಸ್ಕೀ, ಎದುರಿಗೆ ಗಾಳಿ.

ಉಸಿರನ್ನು ಅರ್ಧ ಬಿಟ್ಟು ಹಿಡಿಯಬೇಕು. ಹೆಚ್ಚು ಹೊತ್ತು ಹಿಡಿದರೆ ಕಣ್ಣು ಮಂಜಾಗುತ್ತದೆ, ಕಾಲು ನಡುಗುತ್ತದೆ. ಬೇಗ ಬಿಟ್ಟರೆ ಗುಂಡು ಎಲ್ಲೋ ಹೋಗುತ್ತದೆ. ಗುರಿ ತಾಗಿದರೆ ಕಪ್ಪು ಬಿಲ್ಲೆ ಮಾಯವಾಗಿ ಬಿಳಿ ಬರುತ್ತದೆ. ತಪ್ಪಿದರೆ? ಸ್ಪ್ರಿಂಟ್ ಎಂಬ ಗಿಡ್ಡ ಓಟದಂಥವುಗಳಲ್ಲಿ ಒಂದೊಂದು ತಪ್ಪಿಗೂ 150 ಮೀಟರಿನ ದಂಡದ ಸುತ್ತು. ಇಂಡಿವಿಜುವಲ್ ಎಂಬ ಹಳೆಯ ಕಾಲದ ಉದ್ದ ಓಟದಲ್ಲಿ ಒಂದು ತಪ್ಪಿಗೆ ಪೂರಾ ಒಂದು ನಿಮಿಷ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ಇಪ್ಪತ್ತು ಗುಂಡು. ಕಾಲಿನ ಬಲ ಎಷ್ಟೇ ಇರಲಿ, ಒಂದು ನಿಮಿಷವನ್ನು ಓಡಿ ತೀರಿಸುವುದು ಸುಲಭವಲ್ಲ.

1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ಬಯಾಥ್ಲಾನ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ಅಲ್ಲಿ ಚಿನ್ನ ಗೆದ್ದವರೂ ಸ್ವೀಡನ್ನಿನವರೇ, ಕ್ಲಾಸ್ ಲೆಸ್ಟಾಂಡರ್ ಎಂಬ ಬಡಗಿ. ಬರೀ ಓಟದ ವೇಗ ನೋಡಿದರೆ ಅವರದು ಹದಿನೈದನೆಯ ಸ್ಥಾನ. ಆದರೆ ಇಪ್ಪತ್ತಕ್ಕೆ ಇಪ್ಪತ್ತು ಗುಂಡೂ ತಾಗಿದ್ದವು. ಗುರಿಕಾರ ಗೆಲ್ಲುವ ಓಟ ಅದು. ಮಗ್ದಲೇನಾ ಬಂದದ್ದು ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ. ಕಾಲು ಮೊದಲೇ ಇತ್ತು, ಕೈ ಪಳಗಬೇಕಿತ್ತು. ಹಾಗಿದ್ದೂ 1997ರಲ್ಲಿ ಸ್ಲೊವಾಕಿಯಾದ ಓಸ್ರ್‌ಬ್ಲಿಯೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಂಡಿವಿಜುವಲ್ ಚಿನ್ನ ಅವರಿಗೇ ಬಂತು. ಸ್ಕೀಯವಳು ಬಂದು ಗುರಿಕಾರರ ಓಟವನ್ನೇ ಗೆದ್ದುಬಿಟ್ಟಳಲ್ಲ ಎಂದು ನನಗೆ ಈಗಲೂ ಬೆರಗು.

ಅದೇ ಓಸ್ರ್‌ಬ್ಲಿಯೆಯಲ್ಲಿ ಇನ್ನೊಂದು ಚಿನ್ನವೂ ಬಂತು, ಪರ್ಸ್ಯೂಟ್‌ನಲ್ಲಿ. ಬೆನ್ನಟ್ಟುವ ಓಟ. ಸ್ಪ್ರಿಂಟ್‌ನಲ್ಲಿ ಯಾರು ಯಾರಿಗಿಂತ ಎಷ್ಟು ಸೆಕೆಂಡು ಹಿಂದಿದ್ದರೋ ಅಷ್ಟೇ ಸೆಕೆಂಡು ತಡವಾಗಿ ಹೊರಡುವುದು. ಮೊದಲು ಗೆರೆ ದಾಟಿದವರೇ ಗೆದ್ದಂತೆ. ಆ ವರ್ಷವೇ ಹೊಸದಾಗಿ ಸೇರಿಸಿದ್ದ ಈ ಓಟದ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಇವರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗ ಸ್ವೀಡನ್ ತಂಡದ ತರಬೇತುದಾರ ವೋಲ್ಫ್‌ಗಾಂಗ್ ಪಿಖ್ಲರ್, ಜರ್ಮನಿಯ ಬವೇರಿಯಾದ ರೂಪೋಲ್ಡಿಂಗ್‌ನವರು. ಅವರ ಕೈಕೆಳಗೆ 1996–97ರ ಋತುವಿನಿಂದ 2001–02ರವರೆಗೆ ಮಗ್ದಲೇನಾ ವಿಶ್ವಕಪ್ಪಿನ ಒಟ್ಟಾರೆ ಪಟ್ಟವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಆರು ಚಳಿಗಾಲ, ಆ ಪಟ್ಟಕ್ಕೆ ಕೊಡುವ ಗಾಜಿನ ಗೋಳ ಆರು. ನಮ್ಮ ಕ್ರಿಕೆಟ್ಟಿನ ವಿಶ್ವಕಪ್ಪಿನಂತೆ ನಾಲ್ಕು ವರ್ಷಕ್ಕೊಮ್ಮೆ ಬರುವ ಹಬ್ಬ ಅಲ್ಲ ಇದು. ಚಳಿಗಾಲದ ಆರಂಭದಿಂದ ಮಾರ್ಚ್‌ವರೆಗೆ ವಾರಕ್ಕೊಂದು ಊರು. ಒಂದು ವಾರ ಹಿಮ ಪುಡಿ, ಮುಂದಿನ ವಾರ ಕೆಸರು, ಮತ್ತೊಂದು ವಾರ ಗಾಳಿ. ಪ್ರತಿ ಓಟಕ್ಕೂ ಅಂಕ, ಕೊನೆಗೆ ಕೂಡಿಸಿ ನೋಡುವುದು. ಅದೃಷ್ಟ ಒಂದು ದಿನ ಕೈ ಹಿಡಿಯಬಹುದು, ನಾಲ್ಕು ತಿಂಗಳು ಹಿಡಿಯುವುದಿಲ್ಲ. ವಿಶ್ವಕಪ್ಪಿನಲ್ಲಿ ಅವರು ಗೆದ್ದ ಒಬ್ಬಂಟಿ ಓಟಗಳು ಒಟ್ಟು 42. ಮಹಿಳೆಯರಲ್ಲಿ ಅಷ್ಟು ಗೆಲುವು ಬೇರೆ ಯಾರಿಗೂ ದಕ್ಕಿಲ್ಲ.

ಹಾಗಾದರೆ ಒಲಿಂಪಿಕ್ಸ್?

1998, ಜಪಾನಿನ ನಾಗಾನೋ. ಬಯಾಥ್ಲಾನ್ ನಡೆದದ್ದು ನೊಜಾವಾ ಓನ್ಸೆನ್ ಎಂಬ ಬಿಸಿನೀರ ಬುಗ್ಗೆಗಳ ಊರಿನಲ್ಲಿ. ಹವೆ ಎಷ್ಟು ಕೆಟ್ಟಿತ್ತೆಂದರೆ ಗಂಡಸರ ಸ್ಪ್ರಿಂಟನ್ನು ನಡುವೆಯೇ ನಿಲ್ಲಿಸಿ ಇನ್ನೊಂದು ದಿನ ಮತ್ತೆ ಓಡಿಸಬೇಕಾಯಿತು. ಮಗ್ದಲೇನಾ ಹೋದದ್ದು ವಿಶ್ವ ಚಾಂಪಿಯನ್ ಆಗಿ, ಬರಿಗೈಲಿ ಬಂದರು. ಇಂಡಿವಿಜುವಲ್ ಚಿನ್ನ ಬಲ್ಗೇರಿಯಾದ ಎಕಟೆರಿನಾ ದಫೋವ್‌ಸ್ಕಾಗೆ, ಸ್ಪ್ರಿಂಟ್ ಚಿನ್ನ ರಷ್ಯಾದ ಗಲೀನಾ ಕುಕ್ಲೆವಾಗೆ.

ಈಗ ಆ ಪರ್ಸ್ಯೂಟ್ ಮಾತಿಗೆ ಬರೋಣ. ನಾಗಾನೋದ ಪಟ್ಟಿಯಲ್ಲಿ ಪರ್ಸ್ಯೂಟ್ ಇರಲೇ ಇಲ್ಲ! ಒಲಿಂಪಿಕ್ಸ್‌ನಲ್ಲಿ ಇಲ್ಲದ ಓಟಗಳಿಗಾಗಿ ಅದೇ ಚಳಿಗಾಲದಲ್ಲಿ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಸ್ಲೊವೇನಿಯಾದ ಪೊಕ್ಲ್ಯುಕಾದಲ್ಲಿ ಪರ್ಸ್ಯೂಟ್ ಗೆದ್ದವರು ಯಾರು? ಮಗ್ದಲೇನಾ ಫೋರ್ಸ್‌ಬರ್ಗ್. 2000ದಲ್ಲಿ ಮತ್ತೆ ಪರ್ಸ್ಯೂಟ್ ಚಿನ್ನ. 2001ರಲ್ಲಿ, ಪುನಃ ಪೊಕ್ಲ್ಯುಕಾದಲ್ಲಿ, ಇಂಡಿವಿಜುವಲ್ ಜೊತೆಗೆ ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್‌ನಲ್ಲೂ ಚಿನ್ನ. ಒಟ್ಟು ಆರು ವಿಶ್ವ ಚಿನ್ನ. ಮಾಸ್ ಸ್ಟಾರ್ಟ್ ಒಲಿಂಪಿಕ್ಸ್‌ಗೆ ಬಂದದ್ದು 2006ರಲ್ಲಿ, ಇವರು ಬಂದೂಕು ಕೆಳಗಿಟ್ಟು ನಾಲ್ಕು ವರ್ಷವಾದ ಮೇಲೆ. ದೊಡ್ಡ ಕೂಟದ ಒತ್ತಡ ತಡೆಯಲಾರದೆ ಸೋತರು ಎಂದು ಇಂಥವರ ಬಗ್ಗೆ ಹೇಳಿಬಿಡುವುದು ಸುಲಭ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಅವರ ಆರು ವಿಶ್ವ ಚಿನ್ನಗಳಲ್ಲಿ ನಾಲ್ಕು ಬಂದದ್ದು ನಾಗಾನೋದಲ್ಲಿ ಇಲ್ಲದ ಓಟಗಳಿಂದ. ಈ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಂಡು ಮಾತಾಡಬೇಕು.

ಬಾನುಲಿಯಲ್ಲಿ ಕೂತು ಮಾತಾಡುವವನಾಗಿ ಒಂದು ಅಡ್ಡಮಾತು. ಸ್ವೀಡನ್ನಿನ ಬಾನುಲಿಯಲ್ಲಿ ಸ್ವೆನ್ ಯೆರಿಂಗ್ ಎಂಬ ಹಳೆಯ ಕಾಲದ ದನಿಯೊಂದಿತ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಫುಟ್‌ಬಾಲ್ ತಂಡ ಜಪಾನಿನೆದುರು 3–2ರಿಂದ ಸೋಲುತ್ತಿದ್ದಾಗ, ಎಲ್ಲಿ ನೋಡಿದರೂ ಜಪಾನರೇ ಕಾಣುತ್ತಿದ್ದಾರೆಂದು ‘ಜಪಾನರು, ಜಪಾನರು’ ಎಂದು ಅವರು ಮತ್ತೆ ಮತ್ತೆ ಅಂದದ್ದು ಆ ದೇಶದಲ್ಲಿ ಗಾದೆಯಂತೆ ಉಳಿದಿದೆ. ಅವರು ತೀರಿಕೊಂಡ 1979ರಿಂದ ಅವರ ಹೆಸರಿನಲ್ಲಿ ಬಾನುಲಿ ಕೇಳುಗರು ಮತ ಹಾಕಿ ವರ್ಷದ ಆಟಗಾರರನ್ನು ಆರಿಸುತ್ತಾರೆ. ಮೊದಲ ವರ್ಷ ಅದು ಟೆನಿಸ್ಸಿನ ಬ್ಯೋನ್ ಬೋರ್ಗ್‌ಗೆ ಹೋಯಿತು. ಮಗ್ದಲೇನಾಗೂ ಆ ಮನ್ನಣೆ ಸಿಕ್ಕಿತು. ಒಲಿಂಪಿಕ್ಸ್ ಚಿನ್ನ ಇಲ್ಲದವರನ್ನೂ ಕೇಳುಗರು ಆರಿಸಿಕೊಂಡರಲ್ಲ, ವಾರವಾರವೂ ಕಿವಿಗೊಟ್ಟು ಕೇಳಿದವರ ತೀರ್ಪು ಅದು.

2002ರ ಫೆಬ್ರವರಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್, ಸೋಲ್ಜರ್ ಹಾಲೋ ಎಂಬ ಎತ್ತರದ ಬಯಲು. ವಯಸ್ಸು 34. ಇದು ಕೊನೆಯ ಚಳಿಗಾಲ. 11ನೇ ತಾರೀಖು ಇಂಡಿವಿಜುವಲ್ 15 ಕಿಲೋಮೀಟರ್. ಜರ್ಮನಿಯ ಆಂದ್ರೇಯಾ ಹೆಂಕೆಲ್ ಮೊದಲು, ನಾರ್ವೆಯ ಲಿವ್ ಗ್ರೇಟ್ ಪ್ವಾರೇ ಎರಡನೆಯವರು, ಮಗ್ದಲೇನಾ ಮೂರನೆಯವರು. ಮೊದಲಿಗರಿಗೂ ಇವರಿಗೂ ನಡುವೆ ಒಂದು ನಿಮಿಷದ ಅಂತರವೂ ಇರಲಿಲ್ಲ. ಒಂದು ಗುಂಡಿನ ಬೆಲೆ ಎಷ್ಟೆಂದು ಆಗಲೇ ಹೇಳಿದ್ದೇನೆ.

13ಕ್ಕೆ ಸ್ಪ್ರಿಂಟ್. ಮತ್ತೆ ಕಂಚು. ಚಿನ್ನ ಜರ್ಮನಿಯ ಕಾಟಿ ವಿಲ್‌ಹೆಲ್ಮ್‌ಗೆ, ಬೆಳ್ಳಿ ಅದೇ ದೇಶದ ಉಷಿ ಡಿಸ್ಲ್‌ಗೆ. ಈ ವಿಲ್‌ಹೆಲ್ಮ್ ಯಾರು ಗೊತ್ತೇ? ನಾಲ್ಕು ವರ್ಷದ ಹಿಂದೆ ನಾಗಾನೋದಲ್ಲಿ ಅವರು ಓಡಿದ್ದು ಬಂದೂಕಿಲ್ಲದ ಕ್ರಾಸ್ ಕಂಟ್ರಿಯಲ್ಲಿ. ಸ್ಕೀ ಓಟ ಬಿಟ್ಟು ಗುಂಡು ಕಲಿತು ಮೇಲೆ ಬರಬಹುದೆಂದು ಮಗ್ದಲೇನಾ ತೋರಿಸಿಕೊಟ್ಟ ದಾರಿಯಲ್ಲೇ ಬಂದು, ಅವರನ್ನೇ ಹಿಂದೆ ಹಾಕಿದರು. ಕೊನೆಗೂ ಒಲಿಂಪಿಕ್ಸ್‌ಗೆ ಸೇರಿದ ಪರ್ಸ್ಯೂಟ್ ಕೂಡ ಆ ವಾರ ನಡೆಯಿತು. ಅದರ ಚಿನ್ನ ರಷ್ಯಾದ ಓಲ್ಗಾ ಪಿಲೆವಾಗೆ. ತಾವು ಮೊದಲ ವಿಶ್ವ ಚಾಂಪಿಯನ್ ಆಗಿದ್ದ ಓಟದಲ್ಲಿ ಮಗ್ದಲೇನಾಗೆ ಪದಕವೇ ಸಿಗಲಿಲ್ಲ.

ಮಾರ್ಚ್‌ನಲ್ಲಿ ವಿಶ್ವಕಪ್ ಋತು ಮುಗಿದಾಗ ಆರನೆಯ ಗೋಳ ಅವರ ಕೈಯಲ್ಲಿತ್ತು. ಅಲ್ಲಿಗೆ ಆಟ ಬಿಟ್ಟರು.

ಅವರಾದ ಮೇಲೆ 2006ರಲ್ಲಿ ಟ್ಯೂರಿನ್ ಒಲಿಂಪಿಕ್ಸ್. ಮೊದಲ ಸಲ ಪಟ್ಟಿಗೆ ಸೇರಿದ್ದ ಮಾಸ್ ಸ್ಟಾರ್ಟ್‌ನಲ್ಲಿ ಚಿನ್ನ ಗೆದ್ದದ್ದು ಸ್ವೀಡನ್ನಿನ ಆನ್ನಾ ಕಾರಿನ್ ಓಲೋಫ್‌ಸನ್. ಇವರೂ ಕ್ರಾಸ್ ಕಂಟ್ರಿ ಬಿಟ್ಟು ಬಂದವರೇ, ಇವರ ತರಬೇತುದಾರರೂ ಅದೇ ಪಿಖ್ಲರ್. ಆಮೇಲೆ ಪಿಖ್ಲರ್ ರಷ್ಯಾದ ಹೆಣ್ಣುಮಕ್ಕಳ ತಂಡಕ್ಕೆ ಹೋಗಿ, ಮತ್ತೆ ಸ್ವೀಡನ್ನಿಗೆ ಮರಳಿದರು.

ಇನ್ನೊಂದು ದಿನ ಹೇಳಿ ಮುಗಿಸುತ್ತೇನೆ. 2018ರ ಫೆಬ್ರವರಿ 15, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್. ಹಿಂದಿನ ದಿನ ಗಾಳಿಯ ದೆಸೆಯಿಂದ ಓಟವನ್ನೇ ಮುಂದೂಡಿದ್ದರು. ಮಹಿಳೆಯರ ಇಂಡಿವಿಜುವಲ್, 15 ಕಿಲೋಮೀಟರ್. ಹನ್ನಾ ಓಬೆರ್ಗ್, ವಯಸ್ಸು 22, ಕಿರುನಾದಲ್ಲಿ ಹುಟ್ಟಿದ ಹುಡುಗಿ. ಸೋಲ್ಜರ್ ಹಾಲೋದಲ್ಲಿ ಮಗ್ದಲೇನಾ ಓಡುತ್ತಿದ್ದಾಗ ಆರು ವರ್ಷದ ಮಗು. ವಿಶ್ವಕಪ್ಪಿನ ಒಬ್ಬಂಟಿ ಓಟಗಳಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಮೊದಲ ಮೂವರಲ್ಲಿ ಬಂದವಳಲ್ಲ. ಮಲಗಿ ಐದು, ನಿಂತು ಐದು, ಮತ್ತೆ ಮಲಗಿ ಐದು. ಹದಿನೈದೂ ತಾಗಿವೆ. ಉಳಿದದ್ದು ನಿಂತು ಹೊಡೆಯುವ ಕೊನೆಯ ಐದು. ಆಚೆ ಕಪ್ಪು ಬಿಲ್ಲೆಗಳು ಒಂದೊಂದಾಗಿ ಬಿಳಿಯಾಗುತ್ತ ಹೋದವು. ಇಪ್ಪತ್ತಕ್ಕೆ ಇಪ್ಪತ್ತು, ಲೆಸ್ಟಾಂಡರ್ 1960ರಲ್ಲಿ ಹೊಡೆದ ಹಾಗೇ. ಬೆಳ್ಳಿ ಸ್ಲೊವಾಕಿಯಾದ ಅನಸ್ತಾಸಿಯಾ ಕುಜ್ಮಿನಾಗೆ, ಕಂಚು ಜರ್ಮನಿಯ ಲೌರಾ ಡಾಲ್‌ಮೈಯರ್‌ಗೆ.

ಮಗ್ದಲೇನಾಗೆ 42 ಗೆಲುವಿನಲ್ಲೂ ಸಿಗದ ಚಿನ್ನ ಆ ಹುಡುಗಿಯ ಮೊದಲ ಗೆಲುವಿನಲ್ಲೇ ಬಂತು. ತರಬೇತುದಾರ ಮಾತ್ರ ಅದೇ ಪಿಖ್ಲರ್.

ನಮಸ್ಕಾರ.