ನಾನಕಟಾಯಿ ಡಬ್ಬಿಯ ಘಾಟು

ಕೇಳುಗರಿಗೆ ನಮಸ್ಕಾರ. ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಬೆಳಗಾವಿಯಲ್ಲಿ ಡಬ್ಬಿ ಹಿಡಿದು ಬೇಕರಿಗೆ ಹೋಗುವವರಿದ್ದಾರೆ. ಹಿಟ್ಟು, ಸಕ್ಕರೆ, ತುಪ್ಪ ನಮ್ಮದು, ಭಟ್ಟಿ ಅವರದು. ಹೋದ ವರ್ಷ ನಾನೂ ನಾನಕಟಾಯಿ ಮಾಡಿಸಿಕೊಂಡು ಬಂದೆ. ಮನೆಯಲ್ಲಿ ಮುಚ್ಚಳ ತೆಗೆದರೆ ಘಾಟು ಮೂಗಿಗೆ ಬಡಿಯಿತು. ಅತ್ತೆ ಕೇಳಿದರು, "ಯವ್ವಾ, ಇದಕ್ಕ ಯೂರಿಯಾ ಹಾಕ್ಯಾರೇನ?"

ಯೂರಿಯಾ ಅಲ್ಲ, ಅಮೋನಿಯಂ ಬೈಕಾರ್ಬೊನೇಟ್. ಬೇಕರಿಯವರು ಸುಮ್ನೆ 'ಅಮೋನಿಯಾ' ಅಂತಾರೆ. ಬಿಸಿ ತಾಗಿದರೆ ಇದು ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಹಾರಿಹೋಗುತ್ತದೆ. ತೆಳು ಬಿಸ್ಕೀಟು ಉಬ್ಬಿ ಗರಿಗರಿಯಾಗುವುದು ಹೀಗೆ. ದಪ್ಪ ಕೇಕಿನಲ್ಲಿ ಅದಕ್ಕೆ ಹೊರಬರಲು ದಾರಿ ಸಿಗುವುದಿಲ್ಲ. ಅಲ್ಲಿ ಬೇಕಿಂಗ್ ಪೌಡರೇ ಸರಿ. ನನ್ನ ನಾನಕಟಾಯಿಯೂ ದಪ್ಪ, ಗಡಿಬಿಡಿಯಲ್ಲಿ ಬೆಂದದ್ದು. ಬಿಸಿ ಬಿಸಿಯಾಗಿಯೇ ಡಬ್ಬಿಗೆ ತುಂಬಿದವಳು ನಾನೇ, ಬಿಡಿ.

ಬಿಸ್ಕೀಟು ಪಾಕೀಟಿನ ಹಿಂಬದಿ 'ರೈಸಿಂಗ್ ಏಜೆಂಟ್ಸ್ 500, 503' ಅಂತ ಇರುತ್ತದೆ, ನೋಡಿದ್ದೀರಲ್ವಾ? 503 ಈ ಅಮೋನಿಯಾ, 500 ನಮ್ಮ ಅಡುಗೆ ಸೋಡಾ. ಎರಡಕ್ಕೂ ಕಾನೂನಿನ ಒಪ್ಪಿಗೆ ಇದೆ, ಕೆಲಸಕ್ಕೆ ಬೇಕಾದಷ್ಟೇ ಹಾಕಬೇಕು. ಬಿಪಿ ಇರುವವರಿಗೆ ಒಂದು ಮಾತು: ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2,000 ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ವಾಸನೆಯೇ ಬರದ ಇನ್ನೊಂದು ವಸ್ತು, ಪೊಟ್ಯಾಸಿಯಂ ಬ್ರೋಮೇಟ್. ಇದು ಗಾಳಿ ಹುಟ್ಟಿಸುವುದಿಲ್ಲ. ನಾದಿದ ಮೈದಾಕ್ಕೆ ಬಲ ಕೊಟ್ಟು, ಬ್ರೆಡ್ಡು ಎತ್ತರಕ್ಕೆ ಏಳುವಂತೆ ಮಾಡುತ್ತದೆ. ಭಟ್ಟಿಯ ಕಾವಿನಲ್ಲಿ ಇದು ಅಪಾಯವಿಲ್ಲದ ಬ್ರೋಮೈಡ್ ಆಗಬೇಕು. ಜಾಸ್ತಿ ಹಾಕಿದರೆ, ಬೇಯುವುದು ಕಡಿಮೆಯಾದರೆ ಹಾಗೇ ಉಳಿದುಬಿಡುತ್ತದೆ. ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಗೆ ಇದು ಸೇರಿ ವರ್ಷಗಳೇ ಆಗಿದ್ದವು. ಬ್ರಿಟನ್ 1990ರಲ್ಲೇ ನಿಲ್ಲಿಸಿತು. ನಮ್ಮಲ್ಲಿ 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 38 ಬ್ರೆಡ್, ಪಾವ್, ಬನ್ನುಗಳನ್ನು ಪರೀಕ್ಷಿಸಿತು. ನೂರಕ್ಕೆ 84ರಲ್ಲಿ ಬ್ರೋಮೇಟ್ ಅಥವಾ ಅದೇ ಕೆಲಸಕ್ಕೆ ಹಾಕುವ ಅಯೋಡೇಟ್ ಇತ್ತು. ಮರು ತಿಂಗಳೇ ಆಹಾರ ಸುರಕ್ಷತಾ ಪ್ರಾಧಿಕಾರ ಬ್ರೋಮೇಟನ್ನು ಒಪ್ಪಿಗೆಯ ಪಟ್ಟಿಯಿಂದ ಕೈಬಿಟ್ಟಿತು. 26 ವರ್ಷ ತಡ!

ಪಾಕೀಟಿನ ಬ್ರೆಡ್ಡಿಗಾದರೆ ಚೀಟಿ ಇದೆ, ಓದಬಹುದು. ಬಿಡಿಯಾಗಿ ಮಾರುವ ಪಾವಿಗೆ ಎಲ್ಲಿಯ ಚೀಟಿ? ನಾನು ಬಾಯಿಬಿಟ್ಟೇ ಕೇಳುತ್ತೇನೆ, ಹಿಟ್ಟಿಗೆ ಏನು ಹಾಕುತ್ತೀರಿ ಅಂತ. ಒಬ್ಬರು ನಕ್ಕರು, ಇನ್ನೊಬ್ಬರು ಒಳಗೆ ಕರೆದು ಚೀಲ, ಡಬ್ಬಿ ಎಲ್ಲ ತೋರಿಸಿದರು.

ಈ ದೀಪಾವಳಿಗೆ ನಾನಕಟಾಯಿ ಅಲ್ಲೇ. ಡಬ್ಬಿಯ ಜೊತೆ ಒಂದು ಅಗಲ ಪರಾತವನ್ನೂ ಒಯ್ಯುತ್ತೇನೆ. ಆರುವ ತನಕ ನಿಂತಿರಬೇಕು, ಇನ್ನೇನು. ನಮಸ್ಕಾರ.